ಆಲೆಮನೆಯ ಮೇಲಿನ ಆಕಾಶ

ಬಿ.ಎಸ್ಸಿ. ಮುಗಿಸಿದ ಹೆಣ್ಣು ಟೀಚರಾಗಬೇಕು, ಇಲ್ಲ ಮದುವೆಯಾಗಬೇಕು ಎಂದು ಇಡೀ ಮಳವಳ್ಳಿ ತೀರ್ಮಾನ ಮಾಡಿಕೊಂಡಿದ್ದ ಕಾಲದಲ್ಲಿ ನನಗೆ ಸಿಕ್ಕಿದ್ದು ಆಕಾಶ ಕೇಳುವ ಕೆಲಸ. ನೋಡುವ ಕೆಲಸವಲ್ಲ, ಕೇಳುವ ಕೆಲಸ. "ಮಗಳಿಗೆ ಎಲ್ಲಿ ಕೆಲಸ?" ಎಂದು ಯಾರಾದರೂ ವಿಚಾರಿಸಿದರೆ ನಮ್ಮವ್ವ "ರೇಡಿಯೋದಲ್ಲಿ" ಎಂದು ಹೇಳಿ ಮಾತು ಬದಲಿಸುತ್ತಿದ್ದಳು. ನಾನು ವಾರ್ತೆ ಓದುತ್ತೇನೆ ಎಂದು ಜನ ಅಂದುಕೊಂಡಿದ್ದರು. ತಿದ್ದಲು ಹೋದರೆ ಇನ್ನೂ ಅಧ್ವಾನವಾಗುತ್ತಿತ್ತು, ಹಾಗಾಗಿ ನಾನೂ ಸುಮ್ಮನಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಂಡ್ಯದಲ್ಲಿ ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಬ್ಬರು ನಮ್ಮ ಜಿಲ್ಲೆಯಲ್ಲಿ ಪುಟ್ಟ ಕೇಂದ್ರ ಮಾಡಲು ಜಾಗ ಹುಡುಕುತ್ತಿದ್ದರು. ನಗರದ ಗದ್ದಲ ಇರಬಾರದು, ಕರೆಂಟು ಇರಬೇಕು, ಬಸ್ಸು ಸಿಗಬೇಕು, ಯಂತ್ರ ನೋಡಿಕೊಳ್ಳಲು ಓದಿದವರೊಬ್ಬರು ಅಲ್ಲೇ ವಾಸವಿರಬೇಕು. ಪೂರಿಗಾಲಿಯ ಕಡೆ ನೋಡಿದರು, ಅಲ್ಲಿ ಕರೆಂಟನ್ನು ನಂಬುವ ಹಾಗಿರಲಿಲ್ಲ. ಸೋಮನಹಳ್ಳಿಯ ಹತ್ತಿರ ನೋಡಿದರು, ಅಲ್ಲಿ ಗಿರಣಿಯ ಸದ್ದು. ಕಾಲೇಜಿನ ಮೇಷ್ಟ್ರು ನನ್ನನ್ನು ಅವರ ಮುಂದೆ ನಿಲ್ಲಿಸಿದಾಗ ನಾನು ಒಂದೇ ಉಸಿರಿಗೆ "ನಿಡಘಟ್ಟದಲ್ಲಿ ನಮ್ಮ ದೊಡ್ಡವ್ವನ ಜಾಗ ಇದೆ ಸಾರ್" ಎಂದುಬಿಟ್ಟೆ. ದೊಡ್ಡವ್ವನನ್ನು ಒಂದು ಮಾತೂ ಕೇಳಿರಲಿಲ್ಲ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬೆಂಗಳೂರು–ಮೈಸೂರು ರಸ್ತೆಯಿಂದ ಒಂದು ಕೂಗಳತೆ ಒಳಗೆ ಅವಳದೊಂದು ಆಲೆಮನೆ ಇತ್ತು. ಸುತ್ತಲಿನ ರೈತರು ಸರದಿಯ ಮೇಲೆ ಕಬ್ಬು ಕಡಿದು ತರುತ್ತಿದ್ದರು. ಗಾಣಕ್ಕೆ ಕೊಟ್ಟು, ಕಬ್ಬಿನ ಹಾಲು ಕಾಯಿಸಿ, ಬೆಲ್ಲ ಮಾಡಿಕೊಂಡು ಹೋಗುತ್ತಿದ್ದರು. ಗಂಡ ಇದ್ದಾಗ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಅವನು ಹೋದ ಮೇಲೆ ದೊಡ್ಡವ್ವ ಎತ್ತು ಬಿಟ್ಟು ಮೋಟಾರು ಹಾಕಿಸಿದಳು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಆ ಜಮೀನು ಇನ್ನೂ ಪಾಲಾಗಿರಲಿಲ್ಲ. ಮನೆಯ ಹಿರಿಯರು ಕೂತು, "ನೀನು ನಡೆಸೋವರ್ಗೂ ಆಲೆಮನೆ ನಿಂದು. ಒಂದು ಸುಗ್ಗೀಲಿ ನಿಂತೋದ್ರೂ ನಿನ್ ಮೈದುನಂದು" ಎಂದು ಹೇಳಿ ಎದ್ದಿದ್ದರು. ಆ ಮೈದುನ, ಅಂದರೆ ನನಗೆ ಚಿಕ್ಕಪ್ಪ, ಪಕ್ಕದ ಹೊಲದಲ್ಲೇ ಇದ್ದ. ಮೋಟಾರು ಯಾವತ್ತು ಸುಟ್ಟುಹೋದೀತು ಎಂದು ಕಾಯುವುದೇ ಅವನಿಗೆ ಒಂದು ಕಸುಬಾಗಿತ್ತು.

ದೊಡ್ಡವ್ವ ನನ್ನನ್ನು ಬೈದಳು, ಆಮೇಲೆ ಜಾಗ ಕೊಟ್ಟಳು. ಎಲ್ಲದರಲ್ಲೂ ಅವಳ ಕ್ರಮ ಅದೇ. ಆಲೆಮನೆಯ ಪಕ್ಕ ಹಳೆಯ ಹುಲ್ಲಿನ ಕೊಠಡಿಯನ್ನು ಸಗಣಿ ಸಾರಿಸಿ, ಸುಣ್ಣ ಬಳಿಸಿ ಬಿಟ್ಟುಕೊಟ್ಟಳು. ಸಾಹೇಬರು, ಬೆಂಗಳೂರಿನ ಆ ವಿಜ್ಞಾನಿಯನ್ನು ನಾವೆಲ್ಲ ಕರೆಯುತ್ತಿದ್ದುದೇ ಹಾಗೆ, ಜಾಗ ನೋಡಲು ಬಂದದ್ದು ಮಳೆಗಾಲದಲ್ಲಿ. ಗಾಣ ನಿಂತಿತ್ತು. "ಎಷ್ಟು ನಿಶ್ಶಬ್ದ!" ಎಂದು ಅವರು ಮೆಚ್ಚಿ ತಲೆಯಾಡಿಸಿದರು. ಆದರೆ ಯಂತ್ರ ಬಂದು ಕೂತದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ಗಾಣ ಆಡತೊಡಗಿತ್ತು.

ಯಂತ್ರ ಏನು ಮಾಡುತ್ತಿತ್ತು ಎಂದು ಹೇಳಬೇಕು. ಆ ಕಾಲದಲ್ಲಿ ಸಮುದ್ರದ ಹಡಗುಗಳಿಗೆ ತಾವು ಎಲ್ಲಿದ್ದೇವೆಂದು ತಿಳಿಯಲು ಕೆಲವು ಉಪಗ್ರಹಗಳಿದ್ದವು. ಅವು ಉತ್ತರ ದಕ್ಷಿಣವಾಗಿ ಭೂಮಿಯನ್ನು ಸುತ್ತುತ್ತ, ಎರಡು ಸ್ವರದಲ್ಲಿ ರೇಡಿಯೋ ಸಂಕೇತ ಬಿಡುತ್ತ ಹೋಗುತ್ತಿದ್ದವು. ಒಂದು ತಗ್ಗಿನ ಸ್ವರ, ಒಂದು ಏರಿನ ಸ್ವರ. ನಮಗೆ ಹಡಗೂ ಇಲ್ಲ, ಸಮುದ್ರವೂ ಇಲ್ಲ. ನಮಗೆ ಬೇಕಾಗಿದ್ದುದು ಆ ಸಂಕೇತ ಹಾದುಬರುವ ದಾರಿ. ನಿಡಘಟ್ಟದಿಂದ ಬೆಂಗಳೂರು ಎಷ್ಟು ದೂರವೋ ಅದರ ನಾಲ್ಕು ಪಟ್ಟು ಎತ್ತರಕ್ಕೆ ಹೋದರೆ, ಬಿಸಿಲಿನ ಏಟಿಗೆ ಗಾಳಿಯ ಕಣಗಳು ಒಡೆದು ವಿದ್ಯುತ್ತು ತುಂಬಿಕೊಂಡ ಪದರವೊಂದಿದೆ. ಪುಸ್ತಕದಲ್ಲಿ ಅದಕ್ಕೆ ಅಯಾನುಗೋಳ ಎನ್ನುತ್ತಾರೆ. ಉಪಗ್ರಹದ ಎರಡೂ ಸ್ವರ ಅದನ್ನು ಹಾದೇ ಕೆಳಗೆ ಬರಬೇಕು. ತಗ್ಗಿನದು ಅಲ್ಲಿ ಹೆಚ್ಚು ಸಿಕ್ಕಿಕೊಳ್ಳುತ್ತದೆ, ಏರಿನದು ಕಡಿಮೆ. ಒಟ್ಟಿಗೆ ಹೊರಟ ಇಬ್ಬರಲ್ಲಿ ಒಬ್ಬ ಬದುವಿನ ಮೇಲೆ, ಇನ್ನೊಬ್ಬ ಗದ್ದೆಯ ಕೆಸರಲ್ಲಿ ನಡೆದರೆ, ಎರಡನೆಯವನು ಎಷ್ಟು ಹಿಂದೆ ಬಿದ್ದ ಎನ್ನುವುದರಿಂದ ಕೆಸರಿನ ಆಳ ತಿಳಿಯುತ್ತದಲ್ಲ, ಹಾಗೆ ಎರಡು ಸ್ವರಗಳ ವ್ಯತ್ಯಾಸದಿಂದ ಮೇಲೆ ಎಷ್ಟು ವಿದ್ಯುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದರು. ನಮ್ಮ ಮಳೆ ಗಾಳಿಗಿಂತ ಎಷ್ಟೋ ಮೇಲೆ ಇನ್ನೊಂದು ಹವಾಮಾನ ಇದೆ ಎನ್ನುವುದೇ ನನಗೆ ಆಗ ಹೊಸ ಸಂಗತಿ.

ಮೊದಲ ಸಲ ಉಪಗ್ರಹ ಹಾದುಹೋದದ್ದನ್ನು ಕೇಳಿದ ದಿನ ನೆನಪಿದೆ. ಹಗಲು ಹೊತ್ತು, ಆಚೆ ಕಬ್ಬು ಇಳಿಸುತ್ತಿದ್ದರು. ಸ್ಪೀಕರಿನಲ್ಲಿ ಬರೀ ಗೊರಗೊರ. ಆ ಗೊರಗೊರದ ಒಳಗಿಂದ ಸಣ್ಣಗೆ ಒಂದು ಸಿಳ್ಳೆ ಎದ್ದಿತು. ಗಟ್ಟಿಯಾಯಿತು, ನಿಧಾನವಾಗಿ ಸ್ವರ ಇಳಿಸಿಕೊಳ್ಳುತ್ತ ನಮ್ಮ ನೆತ್ತಿಯ ಮೇಲೆ ಹಾದು, ದಕ್ಷಿಣಕ್ಕೆ ಇಳಿದು, ಮತ್ತೆ ಗೊರಗೊರದಲ್ಲಿ ಮುಳುಗಿತು. ಕಾಗದದ ಸುರುಳಿಯ ಮೇಲೆ ಲೇಖನಿ ಒಂದು ಚೊಕ್ಕ ಗೆರೆ ಎಳೆದಿತ್ತು. ಆಗಷ್ಟೇ ಯಾವುದೋ ಕಡಲಿನಲ್ಲಿ ಒಬ್ಬ ಹಡಗಿನವನೂ ಇದೇ ಸಿಳ್ಳೆ ಕೇಳಿ, ಅಬ್ಬ, ನಾನು ಇಲ್ಲಿದ್ದೇನೆ ಎಂದುಕೊಂಡಿರುತ್ತಾನೆ. ನನಗೆ ಮೈ ಝುಮ್ಮೆಂದಿತು. ಬಾಗಿಲಲ್ಲಿ ಇಣುಕಿದ ದೊಡ್ಡವ್ವ, "ಏನವ್ವಾ ಅದು, ಅಕ್ಕಿ ಕೂಗ್ದಂಗೆ?" ಎಂದಳು. "ಹಕ್ಕಿಯಲ್ಲ ದೊಡ್ಡವ್ವ, ಆಕಾಶದಲ್ಲಿ ಹಡಗಿಗೆ ದಾರಿ ಹೇಳೋದು." ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಹಗಲೆಲ್ಲ ಗೆರೆ ಚೊಕ್ಕ. ತೊಂದರೆ ಶುರುವಾಗುತ್ತಿದ್ದುದು ಹೊತ್ತು ಮುಳುಗಿದ ಮೇಲೆ. ಸಿಳ್ಳೆ ಬರುವುದು ಸರಿಯಾಗಿಯೇ ಬರುತ್ತಿತ್ತು. ನಡುವೆ ಇದ್ದಕ್ಕಿದ್ದ ಹಾಗೆ ಕಂಪಿಸಲು ಶುರು. ಪಟಪಟ ಒಡೆದು, ಮುಳುಗಿ, ಎದ್ದು, ಮತ್ತೆ ಮುಳುಗುತ್ತಿತ್ತು. ಲೇಖನಿಗೆ ದೆವ್ವ ಹಿಡಿದಂತೆ ಕಾಗದದ ಮೇಲೆಲ್ಲ ಗೀಚಾಟ. ಎಲ್ಲ ಸಂಜೆಯೂ ಹಾಗಾಗುತ್ತಿರಲಿಲ್ಲ, ಆದರೆ ಶಿವರಾತ್ರಿಯ ಹೊತ್ತಿಗೆ ಹೆಚ್ಚುತ್ತ ಹೋಯಿತು.

ತಿಂಗಳಿಗೊಮ್ಮೆ ಜೀಪಿನಲ್ಲಿ ಬರುವ ಸಾಹೇಬರು ಆ ಸುರುಳಿಗಳನ್ನು ಬಿಚ್ಚಿ ನೋಡಿ ಮುಖ ಗಂಟು ಹಾಕಿದರು. ಸಾಹೇಬರು ಒಳ್ಳೆಯವರು, ಆದರೆ ಅವರ ಬಳಿ ಎಲ್ಲ ಪ್ರಶ್ನೆಗೂ ಒಂದು ಉತ್ತರ ಇರುತ್ತಿತ್ತು. ಆ ಸಂಜೆ ಅಲ್ಲೇ ಕೂತು ಕಿವಿಗೊಟ್ಟರು. ಹಗಲು ನಮ್ಮ ಕಡೆ ಮೂರು ಫೇಸ್ ಕರೆಂಟು ಇರುತ್ತಿರಲಿಲ್ಲ, ಹೊತ್ತು ಮುಳುಗುವಾಗ ಬರುತ್ತಿತ್ತು. ಕರೆಂಟು ಬಂತು. ದೊಡ್ಡವ್ವ ಸ್ವಿಚ್ಚು ಎಳೆದಳು. ಮೋಟಾರು ಗೊಂಯ್ ಎಂದಿತು, ಕೊಠಡಿಯ ಬಲ್ಬು ಮಂಕಾಯಿತು, ಗಾಣ ಕಬ್ಬನ್ನು ಕಚ್ಚಿತು. ಸ್ವಲ್ಪ ಹೊತ್ತಿಗೆ ಉಪಗ್ರಹ ಬಂತು, ಲೇಖನಿ ನಡುಗಿತು.

"ಇನ್ನೇನು ಬೇಕಮ್ಮ ಸಾಕ್ಷಿ?" ಎಂದರು ಸಾಹೇಬರು. "ಮೋಟಾರಿನ ಕಿಡಿ. ಅದು ರೇಡಿಯೋಗೆ ವಿಷ ಇದ್ದ ಹಾಗೆ."

"ಕೆಲವು ಸಂಜೆ ಮೋಟಾರು ಓಡ್ತಿದ್ರೂ ಚೆನ್ನಾಗಿ ಬರುತ್ತೆ ಸಾರ್."

"ಆ ದಿನ ಕಬ್ಬು ಕಡಿಮೆ ಬಿದ್ದಿರುತ್ತೆ. ಮೋಟಾರಿಗೆ ಭಾರ ಇರೋದಿಲ್ಲ."

ಉತ್ತರ ಸಿದ್ಧವಾಗಿತ್ತು ನೋಡಿ! ಅವರು ದೊಡ್ಡವ್ವನನ್ನು ಕರೆದು, ಬಹಳ ಮರ್ಯಾದೆಯಿಂದಲೇ, ಸಂಜೆ ಹೊತ್ತು ಗಾಣ ನಿಲ್ಲಿಸಬಹುದೇ ಎಂದು ಕೇಳಿದರು.

"ಸಂಜೆ ನಿಲ್ಸಿದ್ರೆ ಇನ್ಯಾವಾಗ ಆಡ್ಸಾನ ಸ್ವಾಮಿ? ಅಗಲೊತ್ತು ಕರೆಂಟು ನೀವು ಕೊಟ್ಟೀರಾ?"

"ಒಂದು ದಿನ ನಿಲ್ಲಿಸಿ ನೋಡೋಣ."

"ಒಂದಿನಾನೂ ಇಲ್ಲ, ಅರ್ಧ ದಿನಾನೂ ಇಲ್ಲ. ಕಬ್ಬು ಕಡ್ದು ತಂದು ಆಕವ್ರೆ. ಇವತ್ತು ಅರೀದಿದ್ರೆ ನಾಳೀಕೆ ಉಳಿ ಬತ್ತದೆ. ಯಾರ್ ಸರದಿ ಕಬ್ಬನ್ನ ನಾನು ಕೆಡುಸ್ಲಿ? ಏಳಿ ಮತ್ತೆ!"

ಸಾಹೇಬರು ಜೀಪು ಹತ್ತಿದರು. ಬೆಂಗಳೂರಿಗೆ ಹೋಗಿ ಸರಿಯಾದ ಕಡೆ ಬರೆದರು. ಅದು ಸರಕಾರದ ಕೆಲಸ, ದೇಶದ ಕೆಲಸ. ಎರಡು ವಾರದಲ್ಲಿ ಮದ್ದೂರಿನ ಕರೆಂಟಿನ ಆಫೀಸಿನಿಂದ ಒಂದು ಶನಿವಾರ ಮನುಷ್ಯ ಬಂದು, ಇನ್ನು ಹತ್ತು ದಿನಕ್ಕೆ, ಮಂಗಳವಾರ, ಲೈನಿನವರು ಬಂದು ಆಲೆಮನೆಯ ಮೂರು ಫೇಸ್ ತಂತಿ ಬಿಚ್ಚುತ್ತಾರೆ ಎಂದು ಹೇಳಿಹೋದ. ಮಳೆಗಾಲದವರೆಗೆ ಮೋಟಾರು ಇಲ್ಲ. ಸುಗ್ಗಿಯ ನಡುವೆ ಆಲೆಮನೆ ನಿಲ್ಲುತ್ತದೆ. ನಿಂತರೆ ಅದು ಯಾರದಾಗುತ್ತದೆ ಎಂದು ಬಾಯಿಬಿಟ್ಟು ಹೇಳುವವರು ಬೇಕಿರಲಿಲ್ಲ.

ಚಿಕ್ಕಪ್ಪ ಅದೇ ಸಂಜೆ ಹೊಸ ಪಂಚೆ ಉಟ್ಟುಕೊಂಡು ಬಂದ. ಗಾಣದ ಸುತ್ತ ಒಂದು ಸುತ್ತು ಹಾಕಿ, ಕೊಪ್ಪರಿಗೆಯೊಳಗೆ ಇಣುಕಿ, "ಅಲ್ಲ ಅತ್ಗೆ, ನಾನವತ್ತೇ ಏಳ್ನಿಲ್ವಾ? ಎಂಗ್ಸು ಮುಟ್ಟಿ ಮೋಟ್ರು ಆಕುದ್ಕೆ ನೋಡು, ಆಕಾಸವೇ ಕೆಟ್ಟೋಯ್ತಂತೆ" ಎಂದ.

"ಲೇ, ಓಗ್ಲಾ ಅತ್ಲಾಗೆ! ಆಕಾಸ ಕೆಡಕ್ಕೆ ಅದೇನು ನಿನ್ ಮೊಕವಾ?" ಎಂದು ದೊಡ್ಡವ್ವ ಕೈಯಲ್ಲಿದ್ದ ಕಬ್ಬಿನ ಜಲ್ಲೆಯನ್ನೇ ಎತ್ತಿದಳು. ಅವನು ನಗುತ್ತ ಹೋದ. ಕೆಲಸದವರೂ ನಕ್ಕರು. ನಾನೂ ನಗಬೇಕಿತ್ತು, ಆಗಲಿಲ್ಲ. ಜಾಗ ಕೊಟ್ಟವಳು ಅವಳು, ಅನ್ನ ಹಾಕುತ್ತಿದ್ದವಳು ಅವಳು. ನನ್ನ ಯಂತ್ರ ಅವಳ ಹೊಲದಲ್ಲಿ ಕೂತು ಅವಳ ಆಲೆಮನೆಯನ್ನೇ ನುಂಗುತ್ತಿತ್ತು. ನನಗೆ ಸಾಹೇಬರ ಮೇಲೆ, ಉಪಗ್ರಹದ ಮೇಲೆ, ಭೌತಶಾಸ್ತ್ರದ ಮೇಲೆ ಕೆಂಡದಂಥ ಕೋಪ. ಕೋಪ ಬಂದರೆ ನನಗೆ ಹಸಿವಾಗುತ್ತದೆ. ಅಳುತ್ತ ಅಳುತ್ತ ಎರಡು ಮುದ್ದೆ ಉಂಡೆ.

ಒಂದು ದಿನ ಬಿಟ್ಟು ಸೋಮವಾರ, ನನ್ನ ರಜ. ವಾರಕ್ಕೊಂದು ದಿನ ರಜ ತೆಗೆದುಕೊಳ್ಳಮ್ಮ, ಯಾವ ದಿನವಾದರೂ ಸರಿ ಎಂದು ಸಾಹೇಬರು ಮೊದಲೇ ಹೇಳಿದ್ದರು. ನಾನು ಯೋಚನೆಯೇ ಇಲ್ಲದೆ ಸೋಮವಾರ ಎಂದಿದ್ದೆ. ಕರೆಂಟು ಏರಿಳಿಯುತ್ತಿದ್ದುದರಿಂದ ಯಂತ್ರವನ್ನು ಬ್ಯಾಟರಿಯ ಮೇಲೆ ಓಡಿಸುತ್ತಿದ್ದೆವು. ಪ್ರತಿ ಸೋಮವಾರ ಬೆಳಿಗ್ಗೆ ಆ ಬ್ಯಾಟರಿಯನ್ನು ಚಾರ್ಜಿಗೆಂದು ಮದ್ದೂರಿನ ಅಂಗಡಿಗೆ ಹಾಕಿ, ಸುರುಳಿಗಳನ್ನು ಅಂಚೆಗೆ ಕೊಟ್ಟು, ಮಳವಳ್ಳಿಯ ಬಸ್ಸು ಹತ್ತಿ ಅವ್ವನ ಮನೆಗೆ ಹೋಗಿ, ಮಂಗಳವಾರ ಬ್ಯಾಟರಿ ಹೊತ್ತುಕೊಂಡು ಬರುತ್ತಿದ್ದೆ. ಆ ಸೋಮವಾರ ಅವ್ವನಿಗೆ ಮುಖ ತೋರಿಸುವ ಮನಸ್ಸಾಗಲಿಲ್ಲ. ಬ್ಯಾಟರಿ ಕೊಟ್ಟು ನಿಡಘಟ್ಟಕ್ಕೇ ಹಿಂದಿರುಗಿದೆ.

ಸಂಜೆ ಜಗುಲಿಯ ಮೇಲೆ ಕೂತಿದ್ದೆ. ಮೂರು ಫೇಸ್ ಕರೆಂಟು ಬಂದು ಬಲ್ಬು ಜಗ್ಗನೆ ಬೆಳಗಿತು. ದೊಡ್ಡವ್ವ ಸ್ನಾನ ಮಾಡಿ ಬಂದು ಮೋಟಾರಿನ ಮೈ ಒರೆಸಿ, ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದಳು. ಸ್ವಿಚ್ಚಿಗೆ ಕೈ ಹಾಕಲಿಲ್ಲ. ಸೋಮವಾರ ಬಸವನ ದಿನ. ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಹೋಗಿ ಮೋಟಾರು ಬಂದ ಮೇಲೂ ದೊಡ್ಡವ್ವ ಆ ರಜವನ್ನು ಕಿತ್ತುಕೊಂಡಿರಲಿಲ್ಲ. ಎತ್ತಿನ ಕೆಲಸ ಮಾಡುವುದಕ್ಕೆ ಎತ್ತಿನ ಮರ್ಯಾದೆ. ಸೋಮವಾರಕ್ಕೆ ಬೀಳುವ ಹಾಗೆ ಯಾರೂ ಕಬ್ಬು ಕಡಿಯುತ್ತಲೂ ಇರಲಿಲ್ಲ. ಅದೂ ಗಾಣ ನಿಲ್ಲಿಸುವುದೇ ಎಂದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ಕೂತವಳು ದಡಕ್ಕನೆ ಎದ್ದೆ. ಹುಟ್ಟಿದಾಗಿನಿಂದ ಸೋಮವಾರ ಎಂದರೆ ಎಲ್ಲಕ್ಕೂ ರಜ ಎಂದು ನನ್ನ ಮೈಗೇ ಗೊತ್ತಿತ್ತು. ಹಾಗಾಗಿ ಗಾಣಕ್ಕೆ ರಜ ಇದ್ದ ದಿನವೇ ನಾನು ರಜ ಹಾಕಿದ್ದೆ, ಯಂತ್ರಕ್ಕೂ ಹಾಕಿಸಿದ್ದೆ! ಮೋಟಾರು ನಿಂತ ಒಂದು ಸಂಜೆಯನ್ನೂ ನಾವು ಕೇಳಿಯೇ ಇರಲಿಲ್ಲ. ಸಾಹೇಬರು ಸುರುಳಿಯಲ್ಲಿ ನೋಡಿದ ಸಂಜೆಗಳೆಲ್ಲ ಗಾಣ ಆಡಿದ ಸಂಜೆಗಳೇ. ಓಡಿಹೋಗಿ ಕೊಠಡಿಯ ಬಾಗಿಲು ತೆಗೆದೆ. ಬ್ಯಾಟರಿ ಮದ್ದೂರಿನಲ್ಲಿತ್ತು. ಹಣೆ ಹಣೆ ಚಚ್ಚಿಕೊಂಡೆ.

ಲೈನಿನವರು ಬರುವ ಮಂಗಳವಾರಕ್ಕೆ ಮೊದಲು ಇನ್ನೊಂದೇ ಸೋಮವಾರವಿತ್ತು. ಬೆಳಗಾಗುತ್ತಲೇ ಮದ್ದೂರಿನ ಅಂಚೆ ಕಚೇರಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿದೆ. ಆ ಕಡೆಯಿಂದ ಸಾಹೇಬರ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ನಾನು ಕಿರುಚಿ ಕಿರುಚಿ ಸೋಮವಾರದ ವಿಷಯವೆಲ್ಲ ಹೇಳಿದೆ. ಅಂಚೆ ಕಚೇರಿಯಲ್ಲಿ ಕಾರ್ಡು ಕೊಳ್ಳಲು ಬಂದವರು, ಯಾರಿಗೋ ಹುಚ್ಚು ಹಿಡಿದಿದೆ ಎಂದು ನನ್ನನ್ನು ನೋಡುತ್ತಿದ್ದರು.

"ಸರಿ, ನಾನೇ ಬರ್ತೀನಿ" ಎಂದರು ಅವರು. "ಆದ್ರೆ ಒಂದು ಮಾತು. ಸೋಮವಾರ ಗೆರೆ ಚೊಕ್ಕವಾಗಿ ಬಂದ್ರೆ ಮೋಟಾರೇ ಕಾರಣ ಅಂತ ಒಪ್ಕೋಬೇಕು. ಆಮೇಲೆ ನೀನು ಅಳೋ ಹಾಗಿಲ್ಲ."

ಫೋನು ಇಟ್ಟ ಮೇಲೆ ನನಗೆ ನಿಜವಾದ ಹೆದರಿಕೆ ಶುರುವಾಯಿತು. ಆಕಾಶ ಎಲ್ಲ ಸಂಜೆಯೂ ನಡುಗುವುದಿಲ್ಲವಲ್ಲ. ಆ ಒಂದು ಸೋಮವಾರವೇ ಅದು ತೆಪ್ಪಗೆ ಮಲಗಿಬಿಟ್ಟರೆ? ಮಾಡದ ತಪ್ಪು ಮೋಟಾರಿನ ತಲೆಗೆ ಖಾಯಮ್ಮಾಗಿ ಕಟ್ಟಿಹೋಗುತ್ತದೆ, ಅದೂ ನನ್ನ ಕೈಯಿಂದಲೇ. ವಾರವಿಡೀ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಒಳ್ಳೆಯ ಮಳೆ ಬರಲಿ, ಒಳ್ಳೆಯ ಬೆಳೆ ಬರಲಿ ಎಂದು ಬೇಡಿಕೊಂಡವರಿದ್ದಾರೆ. ಮೇಲೆ ಗದ್ದಲವಾಗಲಿ ದೇವರೇ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ದೊಡ್ಡವ್ವನಿಗೆ ಹೇಳುವುದು ಇನ್ನೊಂದು ಪಾಡು. ಸೋಮವಾರ ಯಂತ್ರ ಹಾಕುತ್ತೇನೆ ಎಂದರೆ ಎಲ್ಲಿ ಕೆಂಡವಾಗುತ್ತಾಳೋ ಎಂದು ಭಯ. ಸೊಪ್ಪು ಸೋಸುತ್ತ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಅದು ಏನಾರ ಎಳೀತದಾ?"

"ಇಲ್ಲ ದೊಡ್ಡವ್ವ."

"ಎತ್ತುತದಾ? ಅರೀತದಾ?"

"ಏನೂ ಇಲ್ಲ. ಬರೀ ಕೇಳಿಸ್ಕೊಳ್ಳುತ್ತೆ."

"ಕೇಳಿಸ್ಕಳಾದು ಅದ್ಯಾವ ಕೆಲ್ಸ ಬುಡವ್ವ. ಬಸವ ಮನಗಿದ್ರೂ ಅವನ ಕಿವಿ ಆಡ್ತಾನೇ ಇರ್ತದೆ. ಆಕು." ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಸೋಮವಾರ ಮಧ್ಯಾಹ್ನವೇ ಜೀಪು ಬಂತು. ಸಾಹೇಬರು ಅನುಮಾನಕ್ಕೆ ಎಡೆಯೇ ಇರಬಾರದೆಂದು ಆಲೆಮನೆಯ ಫ್ಯೂಸನ್ನೂ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ನಮ್ಮ ಕೊಠಡಿಯ ಬಲ್ಬನ್ನೂ ಆರಿಸಿ ಲಾಂದ್ರ ಹಚ್ಚಿಸಿದರು. ಚಿಕ್ಕಪ್ಪನೂ ಬಂದು ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಮಾರನೆಯ ದಿನದ ಮದುವೆಗೆ ಹಿಂದಿನ ದಿನವೇ ಬಂದ ನೆಂಟನ ಹಾಗೆ ಖುಷಿಯಾಗಿದ್ದ. ದೊಡ್ಡವ್ವ ಒಳಗೆ ಬರಲಿಲ್ಲ. ಗೋಡೆಗೆ ಒರಗಿ ಹೊರಗೇ ನಿಂತಳು.

ಹೊತ್ತು ಮುಳುಗಿ ಪಡುವಣ ಇನ್ನೂ ಕೆಂಪಗಿರುವಾಗ ಮೊದಲ ಉಪಗ್ರಹ ಬಂತು. ಸಿಳ್ಳೆ ಎದ್ದಿತು, ಏರಿತು, ಇಳಿಯಿತು. ಲೇಖನಿ ಬಾಳೆ ನಾರಿನಂಥ ಗೆರೆ ಎಳೆಯಿತು. ಎಲ್ಲೂ ಒಂದು ಕಂಪನವಿಲ್ಲ, ಒಂದು ತೊದಲಿಲ್ಲ.

ಸಾಹೇಬರು ಗೆರೆಯನ್ನು ಬೆರಳಲ್ಲಿ ಸವರಿ, ನನ್ನ ಮುಖ ನೋಡದೆ, "ನೋಡಿದ್ಯಲ್ಲಮ್ಮ" ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. ಚಿಕ್ಕಪ್ಪ ಎದ್ದು ಪಂಚೆ ಕೊಡವಿಕೊಂಡು, ಹೊರಗಿದ್ದವಳಿಗೆ ಕೇಳುವ ಹಾಗೆ, "ಬುಡತ್ಗೆ, ನಾಳೆಯಿಂದ ನಾನು ನೋಡ್ಕತೀನಿ" ಎಂದ. ದೊಡ್ಡವ್ವನ ಕಡೆಯಿಂದ ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅದು ನನಗೆ ತಡೆಯಲಾಗಲಿಲ್ಲ.

"ಇನ್ನೊಂದು ಬರೋದಿದೆ" ಎಂದೆ. "ಇನ್ನೊಂದು ಉಪಗ್ರಹ ಬರೋದಿದೆ ಸಾರ್. ಅದನ್ನ ಕೇಳದೆ ನೀವು ಎದ್ದರೆ ನಾನು ಜೀಪಿನ ಮುಂದೆ ಮಲಗ್ತೀನಿ."

ಹಾಗೆಲ್ಲ ಮಾತಾಡುವುದೇ? ಆದರೆ ಆಡಿಬಿಟ್ಟೆ. ಸಾಹೇಬರು ಒಂದು ಗಳಿಗೆ ನನ್ನನ್ನು ದಿಟ್ಟಿಸಿ ನೋಡಿ ಮತ್ತೆ ಸ್ಟೂಲಿನ ಮೇಲೆ ಕೂತರು.

ಕತ್ತಲಾಯಿತು. ಕಬ್ಬಿನ ಗದ್ದೆಯ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಗಾಣದ ಸದ್ದಿಲ್ಲದೆ ದೂರದ ರಸ್ತೆಯ ಲಾರಿಗಳೂ ಕೇಳುತ್ತಿದ್ದವು. ಊರಿನ ಮನೆಗಳಲ್ಲಿ ಉಣ್ಣಲು ಕೂರುವ ಹೊತ್ತಿಗೆ ಸ್ಪೀಕರಿನ ಗೊರಗೊರದೊಳಗೆ ಉತ್ತರ ದಿಕ್ಕಿನಿಂದ ಎರಡನೆಯ ಸಿಳ್ಳೆ ಎದ್ದಿತು. ತೆಳ್ಳಗೆ, ನೆಟ್ಟಗೆ, ಚೊಕ್ಕವಾಗಿ. ನಾನು ಕಣ್ಣು ಮುಚ್ಚಿಕೊಂಡೆ.

ಅದು ನೆತ್ತಿಯ ಹತ್ತಿರ ಬರುತ್ತಿದ್ದ ಹಾಗೆ ಮೊದಲು ಸಣ್ಣಗೆ ಕಂಪಿಸಿತು. ನನ್ನ ಭ್ರಮೆ ಇರಬೇಕು ಎಂದುಕೊಂಡೆ. ಆಮೇಲೆ ಪಟಪಟನೆ ಒಡೆಯಿತು. ಮುಳುಗಿತು, ಎದ್ದಿತು, ನಡುಗಿತು, ಚೂರು ಚೂರಾಗಿ ಸುರಿಯಿತು. ಲೇಖನಿ ಕಾಗದದ ಈ ಅಂಚಿನಿಂದ ಆ ಅಂಚಿಗೆ ಹಾರಾಡುತ್ತಿತ್ತು. ಫ್ಯೂಸು ಸಾಹೇಬರ ಜೇಬಿನಲ್ಲಿತ್ತು. ಇಡೀ ಬಯಲಿನಲ್ಲಿ ಒಂದು ಮೋಟಾರಿಲ್ಲ, ಒಂದು ಕಿಡಿಯಿಲ್ಲ. ಆ ನಡುಕವೆಲ್ಲ ಮೇಲಿನದೇ. ನಮ್ಮ ತಲೆಯ ಮೇಲೆ, ಚುಕ್ಕಿಗಳೆಲ್ಲ ಎಂದಿನ ಹಾಗೆ ಸುಮ್ಮನೆ ಹೊಳೆಯುತ್ತಿರುವ ಆ ಕತ್ತಲಲ್ಲಿ, ಕಣ್ಣಿಗೆ ಕಾಣದ ಯಾವುದೋ ಒಂದು ದೊಡ್ಡ ಸಂಗತಿ ಉಕ್ಕಿ ಏಳುತ್ತಿತ್ತು. ನಾವು ಹುಟ್ಟುವುದಕ್ಕೆ ಮೊದಲೂ ಅದು ಹಾಗೆಯೇ ಎದ್ದಿರಬೇಕು. ಗಾಣ, ಊರು, ರಸ್ತೆ ಯಾವುದೂ ಇಲ್ಲದ ಕಾಲದ ಸಂಜೆಗಳಲ್ಲೂ ಎದ್ದಿರಬೇಕು. ನನಗೆ ಗೆದ್ದೆ ಎನ್ನಿಸಲೇ ಇಲ್ಲ.

ಸಾಹೇಬರು ಎದ್ದು ಲಾಂದ್ರ ಹಿಡಿದು ಆಲೆಮನೆಗೆ ಹೋದರು. ಮೋಟಾರಿನ ಮೇಲೆ ಅಂಗೈ ಇಟ್ಟು ನೋಡಿದರು. ಅದು ತಣ್ಣಗಿತ್ತು, ಅರಿಸಿನ ಕುಂಕುಮ ಅವರ ಬೆರಳಿಗೆ ಹತ್ತಿತು. ಹಿಂದೆ ಬಂದ ನನಗೆ, ಭೂಮಿಯ ಅಯಸ್ಕಾಂತದ ನಡುಗೆರೆ ನಮ್ಮ ದಕ್ಷಿಣದಲ್ಲೇ ಹಾದುಹೋಗುತ್ತದೆ, ಅದರ ಆಸುಪಾಸಿನಲ್ಲಿ ಹೊತ್ತು ಮುಳುಗಿದ ಮೇಲೆ ಆ ಪದರ ಮೇಲಕ್ಕೆ ಏರಿ, ಅದರ ತಳದಿಂದ ಗುಳ್ಳೆಗಳು ಏಳುತ್ತವೆ, ಅವುಗಳಲ್ಲಿ ಹಾದುಬರುವ ಸಂಕೇತ ಹೀಗೆ ಒಡೆಯುತ್ತದೆ ಎಂದು ಈಗೀಗ ಕೆಲವರು ಹೇಳುತ್ತಿದ್ದಾರೆ ಎಂದು ವಿವರಿಸಿದರು. "ನಾನು ಓದಿದ್ದೆನಮ್ಮ. ಆದರೆ ಇಲ್ಲಿ, ಈ ಗದ್ದೆ ಮೇಲೆ, ಹೀಗೆ…" ಎಂದು ಮಾತು ಮುಗಿಸದೆ ತಲೆ ಎತ್ತಿ ನಿಂತುಬಿಟ್ಟರು. ಕತ್ತು ನೋಯುವಷ್ಟು ಹೊತ್ತು ನಿಂತರು. ಅಲ್ಲಿ ನೋಡಲು ಏನೂ ಇರಲಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನೂ ತಲೆ ಎತ್ತಿ ನಿಂತೆ.

ಚಿಕ್ಕಪ್ಪ ಯಾವಾಗ ಎದ್ದು ಹೋದನೋ ಯಾರೂ ನೋಡಲಿಲ್ಲ.

ಸಾಹೇಬರು ಜೇಬಿನಿಂದ ಫ್ಯೂಸು ತೆಗೆದು ಗೋಡೆಯ ಬಳಿ ನಿಂತಿದ್ದ ದೊಡ್ಡವ್ವನ ಕೈಗೆ ಕೊಟ್ಟರು. "ಅಮ್ಮ, ನಾಳೆ ಯಾರೂ ಬಂದು ತಂತಿ ಮುಟ್ಟೋದಿಲ್ಲ. ಬೆಳಿಗ್ಗೆ ಮದ್ದೂರಿಗೆ ಹೋಗಿ ನಾನೇ ಹೇಳಿ ಹೋಗ್ತೀನಿ. ಸಂಜೆ ಮೋಟಾರು ಹಾಕಿ. ತಪ್ಪು ನಿಮ್ಮದಲ್ಲ."

ದೊಡ್ಡವ್ವ ಏನಾದರೂ ಚುಚ್ಚಿ ಮಾತಾಡುತ್ತಾಳೆ, ನಾನವತ್ತೇ ಏಳ್ನಿಲ್ವಾ ಎನ್ನುತ್ತಾಳೆ ಎಂದುಕೊಂಡೆ. ಅವಳು ಫ್ಯೂಸನ್ನು ಸೆರಗಿನಲ್ಲಿ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಗಂಡನ ಹೆಣದ ಮುಂದೆಯೂ ಗಟ್ಟಿಯಾಗಿ ಅಳದವಳು, ಮೈದುನ ಹಂಗಿಸಿದಾಗ ಜಲ್ಲೆ ಎತ್ತಿದವಳು, ಈಗ ಬಾಯಿಗೆ ಸೆರಗು ತುಂಬಿಕೊಂಡು ಬಿಕ್ಕತೊಡಗಿದಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. "ಆಲೆಮನೆ ಉಳೀತಲ್ಲ ದೊಡ್ಡವ್ವ, ಯಾಕಳ್ತೀಯೆ?" ಎಂದೆ.

"ಅದ್ಕಲ್ಲ ಕಣ್ಮಗ" ಎಂದಳು ಅವಳು. "ಮೈದ್ನ ಅಂಗಂದಾಗಿಂದ ನಾನೂ ನಿಜಾ ಅಂತ್ಲೇ ಅಂದ್ಕಬುಟ್ಟಿದ್ದೆ. ರಂಡೆ ಮುಂಡೆ ಮುಟ್ಟಿದ್ಕೆ ಆಕಾಸ ಕೆಟ್ಟೋಯ್ತೇನೋ ಅಂತ. ಗಂಡ್ನ ತಿಂದ್ಕಂಡೋಳು ಅಂತಾರಲ್ಲವ್ವ, ಇದೂ ನನ್ನಿಂದ್ಲೇ ಏನೋ ಅಂತ. ದಿನಾ ಸ್ವಿಚ್ಚು ಎಳಿಯೋವಾಗ ಮ್ಯಾಕೆ ನೋಡಿ ತಪ್ಪಾಯ್ತು ಅಂತಿದ್ದೆ ಕಣವ್ವ."

ಸಾಹೇಬರು ಲಾಂದ್ರವನ್ನು ನೆಲದ ಮೇಲಿಟ್ಟು, ಪ್ಯಾಂಟು ಮಣ್ಣಾಗುವುದನ್ನೂ ನೋಡದೆ, ಅವಳ ಎದುರಿಗೆ ನೆಲದ ಮೇಲೆ ಕೂತರು.